ಸಾವಿರದ ಇನ್ನೂರು ವೋಲ್ಟು

ಚೋಕು ಗುಂಯ್‌ಗುಡುತ್ತಿದೆ, ಆ ಮೂಲೆಯ ಟ್ಯೂಬ್‌ಲೈಟಿನದ್ದು, ಒಳಗಿನ ತಗಡು ಸಡಿಲಾಗಿರಬೇಕು, ಒಂದು ಸ್ಕ್ರೂ ಬಿಗಿದರೆ ನಿಲ್ಲುತ್ತೆ, ಈ ಆಸ್ಪತ್ರೆಯ ಓಣಿಯಲ್ಲಿ ಇಷ್ಟು ಜನ ಓಡಾಡುತ್ತಾರೆ, ಒಬ್ಬರ ಕಿವಿಗೂ ಬಿದ್ದಿಲ್ಲ, ಅವನ ಕಿವಿಗೆ ಮಾತ್ರ ಬೀಳುತ್ತೆ, ಲಿಫ್ಟ್ ರಿಪೇರಿ ಮಾಡುವವನ ಕಿವಿ, ಹದಿನೇಳು ವರ್ಷ ಕತ್ತಲೆ ಗುಂಡಿಯಲ್ಲಿ ನಿಂತು ಬರೀ ಸದ್ದು ಕೇಳಿ ಯಾವ ಬೇರಿಂಗು ಸವೆದಿದೆ ಎಂದು ಹೇಳುವ ಕಿವಿ — ಆ ಕಿವಿಗೆ ಇವತ್ತು ಮಧ್ಯಾಹ್ನ ತನ್ನದೇ ಗಂಟಲಿನ ಒಂದು ಕೂಗೂ ಕೇಳಿಸಲಿಲ್ಲವಂತೆ. ಹಾಗಂತ ಪೇದೆಗೆ ಹೇಳಿಯಾಗಿದೆ. ಪೇದೆ ಬರೆದುಕೊಂಡೂ ಆಗಿದೆ. ನೀವು ಕೂಗಲಿಲ್ವಾ. ಇಲ್ಲ ಸಾರ್, ನಾಲಿಗೆ ಬಿದ್ದುಹೋಗಿತ್ತು. ನಿಮ್ಮ ಅಕ್ಕ ಸ್ವಿಚ್ಚಿನ ಪಕ್ಕದಲ್ಲೇ ಇದ್ರಂತಲ್ಲ. ಇದ್ಳು ಸಾರ್, ಆದ್ರೆ ನಾನು ಹೇಳದೆ ಅವಳಿಗೆ ಹೇಗೆ ಗೊತ್ತಾಗ್ಬೇಕು. ಪೇದೆ ಪೆನ್ನಿನ ತುದಿ ಕಚ್ಚಿದ, ಕಿಟಕಿ ಕಡೆ ನೋಡಿದ, ಮತ್ತೆ ಬರೆದ. ಸುಳ್ಳು ಎಷ್ಟು ಸಲೀಸಾಗಿ ಕಾಗದದ ಮೇಲೆ ಇಳಿಯಿತು. ಉಸಿರೆಳೆದರೆ ಎಡಪಕ್ಕೆಲುಬು ಚುಚ್ಚುತ್ತೆ, ಅಂಗಿಯ ತೋಳಿಗೆ ವಾಸನೆ ಅಂಟಿದೆ, ಸುಟ್ಟ ಚರ್ಮದ ವಾಸನೆ, ಕೂದಲು ಸುಟ್ಟಂತೆ ಆದರೆ ಅದಕ್ಕಿಂತ ಸಿಹಿ, ಮೂರು ಸಲ ಕೈ ತೊಳೆದರೂ ಹೋಗಿಲ್ಲ, ಇದು ಭಾವನ ವಾಸನೆ, ಆ ಬಾಗಿಲಿನ ಹಿಂದೆ ಮಲಗಿರುವ ಅಕ್ಕನ ಗಂಡನ ವಾಸನೆ, ಮರದ ಮಿಲ್ಲಿನ ಮೇಸ್ತ್ರಿ, ದಿನವೂ ಮರದ ಹೊಟ್ಟಿನ ವಾಸನೆ ಹೊತ್ತು ತಿರುಗುತ್ತಿದ್ದವನು, ಇವತ್ತು ಇದನ್ನು ಬಿಟ್ಟುಹೋಗಿದ್ದಾನೆ. ಬಿಟ್ಟುಹೋಗಿಲ್ಲ. ಇನ್ನೂ ಉಸಿರಾಡುತ್ತಿದ್ದಾನೆ. ಅಕ್ಕ ಎದುರಿನ ಬೆಂಚಿನಲ್ಲಿ ಕೂತಿದ್ದಾಳೆ, ತುಟಿ ಒಡೆದು ಊದಿದೆ, ಕೈ ಎರಡೂ ತೊಡೆಯ ಮೇಲೆ, ಅವಳ ಕೈ ನೋಡಬಾರದು, ಕಪ್ಪು ಹಿಡಿ, ಅದರ ಮೇಲೆ ಬೆರಳು — ಬೇಡ. ಚೋಕು. ಒಂದು ಸ್ಕ್ರೂ ಬಿಗಿದರೆ ಸಾಕು.

ಎಲ್ಲ ಶುರುವಾಗಿದ್ದು ಆ ಪೆಟ್ಟಿಗೆಯೊಳಗಿನ ದೂಡಿನಿಂದ, ಅಲ್ಲ, ಅದು ನೆಪ, ಆದರೂ ದೂಡು ಸರಿಯಾಗಿದ್ದಿದ್ದರೆ ಇವತ್ತು ಮುಚ್ಚಳ ತೆರೆದಿರುತ್ತಿರಲಿಲ್ಲ. ಅವನು ಕಟ್ಟಿದ ಟ್ರಾನ್ಸ್‌ಮಿಟರು, ಎರಡು ವರ್ಷದ ಭಾನುವಾರಗಳನ್ನೆಲ್ಲ ನುಂಗಿದ ಕಬ್ಬಿಣದ ಪೆಟ್ಟಿಗೆ, ಮಂಡಿಯೆತ್ತರ, ಒಳಗೆ ಸಾಲಾಗಿ ವಾಲ್ವುಗಳು, ಹಳೇ ರೇಡಿಯೊಗಳಲ್ಲಿರುತ್ತಿದ್ದ ಗಾಜಿನ ಬುರುಡೆಗಳು, ಮೊದಲಿನ ಪುಟ್ಟ ವಾಲ್ವು ಸಣ್ಣಗೆ ಮಿಡಿಯುತ್ತೆ, ನಡುವಿನದು ಅದನ್ನು ಹಿಗ್ಗಿಸಿ ಮುಂದಕ್ಕೆ ದೂಡುತ್ತೆ, ಕೊನೆಯ ಎರಡು ದೊಡ್ಡವು ಆ ದೂಡನ್ನು ತಿಂದು ಆಂಟೆನಾಕ್ಕೆ ಉಗುಳುತ್ತವೆ. ರೇಡಿಯೊ ಹವ್ಯಾಸಿಗಳ ಬಾಯಲ್ಲಿ ಆ ದೂಡಿಗೆ ಡ್ರೈವು ಅಂತ ಹೆಸರು. ಡ್ರೈವು ಕಡಿಮೆಯಾದರೆ ಕೊನೆಯ ಜೋಡಿ ಮಂಕಾಗಿ ಕೂರುತ್ತೆ, ಹೆಚ್ಚಾದರೆ ಒಳಗಿನ ತಗಡು ಕೆಂಡದ ಹಾಗೆ ಕೆಂಪಾಗಿ ಮಾತೆಲ್ಲ ಹರಿದು ಚಿಂದಿಯಾಗಿ ಪಕ್ಕದವರ ಮೇಲೆ ಬೀಳುತ್ತೆ. ಮೊದಲು ಅದನ್ನು ಹಿಡಿತಕ್ಕೆ ತರಲು ಒಂದು ಸಾದಾ ತಿರುಗುಗುಂಡಿ ಹಾಕಿದ್ದ, ಪೂರ್ತಿ ಹೊರೆ ಅದರ ತಲೆ ಮೇಲೆಯೇ ಬೀಳುತ್ತಿತ್ತು, ಎರಡು ಸಲ ಸುಟ್ಟು ಕರಕಲಾಯಿತು, ಮೂರನೇ ಸಲ ಬೆರಳನ್ನೂ ಸುಟ್ಟಿತು. ಆಮೇಲೆ ಹೊಳೆಯಿತು, ನಡುವೆ ಇನ್ನೊಂದು ವಾಲ್ವನ್ನೇ ನಿಲ್ಲಿಸಿದರೆ, ಹೊರೆಯೆಲ್ಲ ಆ ವಾಲ್ವು ಹೊರಲಿ, ಗುಂಡಿಯ ಕೆಲಸ ಅದಕ್ಕೆ ಕಿವಿಯಲ್ಲಿ ಪಿಸುಗುಟ್ಟುವುದಷ್ಟೆ, ಇಷ್ಟು ಬಿಡು, ಇಷ್ಟು ತಡೆ, ಅಂತ. ಅಕ್ಕ ಪಕ್ಕದಲ್ಲಿ ಕೂತು ಸುರುಳಿ ಸುತ್ತುತ್ತಿದ್ದಳು, ಹದಿನಾಲ್ಕು ಸುತ್ತು, ಒಂದು ತಂತಿ ಇನ್ನೊಂದರ ಮೇಲೆ ಹತ್ತದ ಹಾಗೆ, ಅವನಿಗಿಂತ ಚೆನ್ನಾಗಿ. ಒಂದು ಗುಂಡಿ ತಿರುಗಿಸೋಕೆ ಒಂದಿಡೀ ವಾಲ್ವು ಬೇಕೇನೋ ಅಂದಿದ್ದಳು. ವಿವರಿಸಿದ. ಕೇಳಿಸಿಕೊಂಡು, ಅಮ್ಮನ ಹಾಗೆ ಅನ್ನು, ಅಪ್ಪ ಬೆಲ್ಟು ತೆಗೆದಾಗ ನಡುವೆ ನಿಲ್ತಿದ್ಳಲ್ಲ, ಅಂದಳು. ನಗುತ್ತಲೇ ಅಂದಳು. ಅವನೂ ನಕ್ಕ. ಅಮ್ಮನ ಬೆನ್ನು ನೆನಪಾಯಿತು, ಹಿಂದಿನಿಂದ ಮಾತ್ರ ನೆನಪಿರುವ ಅಮ್ಮ, ಅವಳ ಬೆನ್ನಿಗೆ ಅಂಟಿಕೊಂಡು ಅಕ್ಕ ತಮ್ಮ ಇಬ್ಬರೂ ಬೆಲ್ಟಿನ ಸದ್ದು ಎಣಿಸುತ್ತಿದ್ದದ್ದು. ಅಮ್ಮ ಹೋದ ಮೇಲೆ ನಡುವೆ ನಿಲ್ಲಬೇಕಾದವನು ಅವನು. ನಿಂತನೇ.

ನಿಲ್ಲಲಿಲ್ಲ. ಲೆಕ್ಕ ಇದೆ, ಮೂರು ಸಲ. ಮದುವೆಯಾದ ಮೂರನೇ ತಿಂಗಳಿಗೆ ಅಕ್ಕ ಮೊದಲನೇ ಸಲ ಬಂದಳು, ಕಿವಿಯ ಹಿಂದೆ ರಕ್ತ ಹೆಪ್ಪುಗಟ್ಟಿತ್ತು, ಅವನು ಕೈ ಹಿಡಿದು ವಾಪಸು ಕರೆದುಕೊಂಡು ಹೋದ, ಸ್ವಲ್ಪ ಹೊಂದಿಕೊಂಡು ಹೋಗು ಅಕ್ಕ, ಎಲ್ಲ ಮನೆಯಲ್ಲೂ ಇರುತ್ತೆ. ಭಾವ ಕಾಫಿ ಕೊಟ್ಟ, ಬೆನ್ನು ತಟ್ಟಿದ, ನಿನ್ನ ಡಬ್ಬ ಹೇಗಿದೆಯಪ್ಪಾ ಅಂದ, ಟ್ರಾನ್ಸ್‌ಮಿಟರಿಗೆ ಭಾವ ಇಟ್ಟ ಹೆಸರು ಡಬ್ಬ, ಅವನಿಗೂ ಅದೇ ಹೆಸರು. ಎರಡನೇ ಸಲ ಹಲ್ಲು. ಆಗಲೂ ಬಿಟ್ಟುಬಂದ. ಮೂರನೇ ಸಲ ಬೆರಳು — ಆ ಬೆರಳು — ಬಲಗೈಯ ತೋರುಬೆರಳು, ಬಾಗಿಲ ಸಂದಿಯಲ್ಲಿ, ಸಿಟ್ಟಿನಲ್ಲಿ ಬಾಗಿಲು ಬಡಿದು ಆದದ್ದಲ್ಲ, ಬೆರಳನ್ನು ಹಿಡಿದು ಸಂದಿಯಲ್ಲಿಟ್ಟು ಬಾಗಿಲನ್ನು ಮೆಲ್ಲಗೆ ಒತ್ತಿದ್ದ, ಮಿಲ್ಲಿನಲ್ಲಿ ಹಲಗೆ ಗರಗಸಕ್ಕೆ ಕೊಡುವ ಹಾಗೆ, ಆತುರವಿಲ್ಲದೆ, ಒತ್ತುತ್ತಾ ಮಾತಾಡುತ್ತಿದ್ದನಂತೆ, ಸಾರಿಗೆ ಉಪ್ಪು ಎಷ್ಟು ಹಾಕಬೇಕು ಅನ್ನುವುದನ್ನು. ಮೂಳೆ ಸದ್ದು ಮಾಡ್ತು ಕಣೋ, ಕಡ್ಡಿ ಮುರಿದ ಹಾಗಲ್ಲ, ಒದ್ದೆ ಬಟ್ಟೆ ಹರಿದ ಹಾಗೆ, ಎಂದು ಹೇಳಿದ್ದಳು. ಆ ಬೆರಳು ಕೂಡಿಕೊಂಡಿತು, ಆದರೆ ಕೊಕ್ಕೆಯ ಹಾಗೆ, ನಡುಗೆಣ್ಣಿನಲ್ಲಿ ಬಾಗಿ, ಮತ್ತೆ ನೇರವಾಗಲೇ ಇಲ್ಲ. ಅಷ್ಟಾದ ಮೇಲೂ, ಪಟ್ಟಿ ಕಟ್ಟಿದ ಕೈಯನ್ನು ಹಿಡಿದುಕೊಂಡೇ ಅವನು ಅವಳನ್ನು ಬಸ್ಸು ಹತ್ತಿಸಿದ. ಯಾಕೆ. ಕೆಲಸ ಇತ್ತು, ಮನೆ ಚಿಕ್ಕದು, ಜನ ಏನಂತಾರೆ, ಯಾವುದು ನಿಜವಾದ ಕಾರಣ, ಯಾವುದೂ ಅಲ್ಲ, ಭಾವನ ಕೈ ಕಂಡರೆ ಅವನಿಗೆ ಹೆದರಿಕೆ, ಅಪ್ಪನ ಕೈ ಕಂಡಾಗಿನ ಹೆದರಿಕೆ, ಅಷ್ಟೇ ಕಾರಣ. ಆಮೇಲೆ ಲಿಫ್ಟಿನ ಗುಂಡಿಯಲ್ಲಿ ಒಬ್ಬನೇ ಇರುವಾಗ ಭಾವನನ್ನು ಎಷ್ಟು ಸಲ ಕೊಂದಿದ್ದಾನೆ, ತೂಕದ ಕಬ್ಬಿಣದ ಅಡಿ ಮಲಗಿಸಿ, ಹಗ್ಗದ ಗಾಲಿಗೆ ಸಿಕ್ಕಿಸಿ, ಸುತ್ತಿಗೆಯಿಂದ ಮೊಣಕಾಲು, ಮೊಣಕೈ, ಕೊನೆಗೆ ಬಾಯಿ, ಕೊಂದು ಮೇಲೆ ಬಂದು ಕೈ ಒರೆಸಿಕೊಂಡು ಡಬ್ಬಿಯ ಊಟ ಮಾಡುತ್ತಿದ್ದ. ನಾಲ್ಕನೇ ಸಲ ಅಕ್ಕ ಬಂದಳು, ಐದು ತಿಂಗಳ ಹಿಂದೆ, ಒಂದು ಚೀಲ ಹಿಡಿದುಕೊಂಡು, ಬಾಗಿಲಲ್ಲಿ ನಿಂತು, ಈ ಸಲ ನೀನು ಬಿಟ್ಟುಬರ್ತೀನಿ ಅಂದ್ರೆ ದಾರಿಯಲ್ಲೇ ಬಸ್ಸಿನ ಕೆಳಗೆ ಬೀಳ್ತೀನಿ, ಅಂದಳು. ಅತ್ತು ಹೇಳಲಿಲ್ಲ. ಬಸ್ಸು ಎಷ್ಟು ಗಂಟೆಗೆ ಅಂತ ಕೇಳುವವರ ಹಾಗೆ ಹೇಳಿದಳು.

ಅವಳಿಗೆ ಮೊದಲನೇ ದಿನವೇ ತೋರಿಸಿದ್ದ, ಅದನ್ನು ಪೇದೆಗೆ ಹೇಳಿಲ್ಲ. ನೋಡಕ್ಕ, ಇದು ದೊಡ್ಡ ಸ್ವಿಚ್ಚು, ಹಳೇ ಲಿಫ್ಟಿನದ್ದು, ಹಿಡಿ ಮೇಲಿದ್ರೆ ಕರೆಂಟು ಇದೆ ಅಂತ, ಕೆಳಗೆ ಎಳೆದ್ರೆ ಎಲ್ಲ ಆರುತ್ತೆ, ನಾನು ಒಳಗೆ ಕೈ ಹಾಕಿ ಅಂಟಿಕೊಂಡ್ರೆ ನನ್ನನ್ನ ಮುಟ್ಟಬೇಡ, ಎಳೀಬೇಡ, ಅಳಬೇಡ, ಮೊದಲು ಇದನ್ನ ಕೆಳಗೆ ಎಳಿ. ಎಷ್ಟಿದೆ ಅದರಲ್ಲಿ ಅಂದಳು. ಸಾವಿರದ ಇನ್ನೂರು ವೋಲ್ಟು ಅಂದ. ಅವಳು ತಲೆಯಾಡಿಸಿ, ಹಿಡಿಯನ್ನು ಒಂದು ಸಲ ಕೆಳಗೆಳೆದು, ಮೇಲೆತ್ತಿ, ಮತ್ತೆ ಕೆಳಗೆಳೆದು ನೋಡಿದಳು, ಸಲೀಸಾಗಿದೆ ಅಂದಳು. ಇವತ್ತು ಊಟವಾದ ಮೇಲೆ ರೇಡಿಯೊದಲ್ಲಿ ಗಡಿಯಾರ ರಿಪೇರಿಯವರೊಬ್ಬರು ಸಿಕ್ಕಿದ್ದರು, ಇನ್ನೂರು ಮೈಲಿಯಾಚೆಯ ಹವ್ಯಾಸಿ, ಮುಖ ನೋಡಿದ್ದೇ ಇಲ್ಲ, ದನಿ ಗೊತ್ತು, ನಿಮ್ಮ ಮಾತು ಈಗ ನುಣ್ಣಗೆ ಬರ್ತಿದೆ, ಡ್ರೈವು ಇನ್ನೊಂದು ಕೂದಲೆಳೆ ಇಳಿಸಿ, ಎಂದರು. ಹೊಸ ವಾಲ್ವಿನ ಬುಡದಲ್ಲಿ ಒಂದು ಪುಟ್ಟ ಸ್ಕ್ರೂ ತಿರುಗಿಸಬೇಕಿತ್ತು, ಮುಚ್ಚಳ ತೆಗೆದಿದ್ದ. ಮುಚ್ಚಳ ತೆಗೆದರೆ ತಾನಾಗಿಯೇ ಕರೆಂಟು ಕಡಿಯಲಿ ಎಂದು ತಾನೇ ಇಟ್ಟ ಒತ್ತುಗುಂಡಿಯನ್ನು ತಾನೇ ಅಂಟುಪಟ್ಟಿ ಸುತ್ತಿ ಅದುಮಿಟ್ಟಿದ್ದ, ಲಿಫ್ಟಿನ ಬಾಗಿಲಿಗೆ ಯಾರಾದರೂ ಹೀಗೆ ಮಾಡಿದರೆ ಅವರ ಅಪ್ಪನ ತನಕ ಬೈಯುವವನು, ಎರಡು ನಿಮಿಷದ ಕೆಲಸ ತಾನೇ, ಎಂದು. ಆಗ ಬಾಗಿಲು ಬಡಿದದ್ದು. ಬಡಿದದ್ದಲ್ಲ, ಒದ್ದದ್ದು, ಚಿಲಕ ಹಾರಿಹೋಗಿ ಗೋಡೆಗೆ ತಾಗಿತು. ಭಾವ. ಅಂಗಿಯ ಮೇಲೆ ಮರದ ಹೊಟ್ಟು, ಮಿಲ್ಲಿನಿಂದ ನೇರ ಬಂದಿದ್ದ, ಕುಡಿದಿರಲಿಲ್ಲ, ಯಾವತ್ತೂ ಕುಡಿಯುತ್ತಿರಲಿಲ್ಲ, ಅದೇ ಅವನ ಹೆಮ್ಮೆ. ಹೊರಡು ಅಂದ ಅಕ್ಕನಿಗೆ. ಬರಲ್ಲ, ಅಂದಳು ಅಕ್ಕ.

ಬರಲ್ಲ ಅನ್ನುವ ಮಾತನ್ನು ಭಾವ ಅವಳ ಬಾಯಿಂದ ಕೇಳಿದ್ದು ಅದೇ ಮೊದಲು, ಅರ್ಥವೇ ಆಗದವನ ಹಾಗೆ ಒಂದು ಗಳಿಗೆ ನಿಂತ, ಆಮೇಲೆ ಅವಳ ಮುಖಕ್ಕೆ ಹೊಡೆದ, ಅಂಗೈಯಿಂದಲ್ಲ, ಮುಷ್ಟಿಯಿಂದ, ಅವಳು ಹಿಂದಕ್ಕೆ ಹಾರಿ ಗೋಡೆಯ ಹಲಗೆಗೆ ಬಡಿದುಕೊಂಡಳು, ಸ್ವಿಚ್ಚಿನ ಪಕ್ಕ. ಅವನು ಎದ್ದ, ಈ ಸಲ ಎದ್ದ, ಭಾವಾ ಬಿಡಿ ಅಂದ, ಹೆಗಲಿಗೆ ಕೈ ಹಾಕಿದ, ಭಾವ ತಿರುಗಿ ನೋಡಲೂ ಇಲ್ಲ, ಪಕ್ಕದ ಕಬ್ಬಿಣದ ಸ್ಟೂಲನ್ನು ಒಂದೇ ಕೈಯಲ್ಲೆತ್ತಿ ಬೀಸಿದ, ಪಕ್ಕೆಲುಬಿನಲ್ಲಿ ಏನೋ ಚಿಟ್ಟೆಂದಿತು, ನೆಲದ ತಣ್ಣಗಿನ ಸಿಮೆಂಟು ಕೆನ್ನೆಗೆ ತಾಗಿತು, ಉಸಿರು ಒಳಕ್ಕೂ ಇಲ್ಲ ಹೊರಕ್ಕೂ ಇಲ್ಲ. ಹೊಟ್ಟೆಗೆ ಒಂದು ಒದೆ, ಬೆನ್ನಿಗೆ ಇನ್ನೊಂದು. ಈ ಡಬ್ಬದ ಮುಂದೆ ಕೂತ್ಕೊಂಡು ನೀವಿಬ್ರೂ ನನ್ನ ಮಾತಾಡ್ಕೊಳ್ತೀರಾ, ಊರಿಗೆಲ್ಲ ಹೇಳ್ತೀರಾ, ಅಂದ ಭಾವ. ಮೈಕನ್ನು ಕಿತ್ತು ಗೋಡೆಗೆ ಎಸೆದ, ಗಡಿಯಾರದವರ ದನಿ ಇನ್ನೂ ಸ್ಪೀಕರಿನಲ್ಲಿ, ಹಲೋ, ಹಲೋ, ನಿಮ್ಮ ಮಾತು ನಿಂತಿತು, ಅದಕ್ಕೂ ಒದ್ದ. ಆಮೇಲೆ ಪೆಟ್ಟಿಗೆಯ ಮುಂದೆ ಕಾಲಗಲಿಸಿ ನಿಂತು, ಎಡಗೈಯಿಂದ ಅದರ ಅಂಚು ಹಿಡಿದು, ಆ ಎರಡು ದೊಡ್ಡ ವಾಲ್ವುಗಳನ್ನು ನೋಡಿದ, ನೀಲಿ ಬಣ್ಣದಲ್ಲಿ ಮೆಲ್ಲಗೆ ಉರಿಯುತ್ತಿದ್ದವು, ತಲೆಯ ಮೇಲೆ ಲೋಹದ ಟೋಪಿ, ಆ ಟೋಪಿಯಲ್ಲಿದೆ ಸಾವಿರದ ಇನ್ನೂರು, ಅಂಚಿನಲ್ಲಿದೆ ಸೊನ್ನೆ, ನಡುವೆ ಭಾವನ ಎದೆ. ಬಲಗೈ ಚಾಚಿತು. ಎಷ್ಟು ಹೊತ್ತು ಚಾಚಿತು. ಮುಟ್ಟಬೇಡಿ ಎನ್ನಲು ಬೇಕಾದಷ್ಟು ಹೊತ್ತಿತ್ತು, ನೆಲದ ಮೇಲಿಂದ ಅವನು ಆ ಕೈ ನೋಡಿದ, ಅಕ್ಕನ ಬೆರಳನ್ನು ಸಂದಿಯಲ್ಲಿಟ್ಟ ಕೈ, ಆತುರವಿಲ್ಲದ ಕೈ, ಒಳಗೆ ಯಾರೋ ಹೇಳಿದರು, ಮುಟ್ಟಲಿ. ಅದು ಅವನೇ. ಅದೊಂದನ್ನು ಒಪ್ಪಿಕೊಳ್ಳುತ್ತಾನೆ, ಕೈ ಟೋಪಿಗೆ ತಾಗುವ ತನಕ ಅವನು ಬಾಯಿ ಬಿಡಲಿಲ್ಲ.

ತಾಗಿತು. ಸದ್ದೇ ಆಗಲಿಲ್ಲ, ಕಿಡಿ ಹಾರುತ್ತೆ, ಢಮ್ಮನ್ನುತ್ತೆ ಅಂದುಕೊಂಡಿದ್ದ, ಬರೀ ಒಂದು ಚುಯ್ ಎಂಬ ಸದ್ದು, ಕಾದ ಕಾವಲಿಗೆ ನೀರು ಬಿದ್ದಂತೆ, ಮುಷ್ಟಿ ತಾನಾಗಿಯೇ ಮುಚ್ಚಿಕೊಂಡಿತು, ಭಾವ ಬಿಡಲಿಲ್ಲ, ಬಿಡಲು ಆಗಲಿಲ್ಲ, ಮೈ ಬಿಲ್ಲಿನ ಹಾಗೆ ಸೆಟೆಯಿತು, ಕತ್ತಿನ ನರ ಹಗ್ಗವಾದವು, ಕಣ್ಣು ಮಾತ್ರ ತಿರುಗಿ ನೆಲದ ಮೇಲಿದ್ದವನನ್ನು ನೋಡಿತು, ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಅಚ್ಚರಿ ಇತ್ತು, ಎಲ್ಲ ಬಿಟ್ಟು ಅಚ್ಚರಿ, ಬೆರಳ ಸಂದಿಯಿಂದ ಹೊಗೆ ಎದ್ದಿತು, ಮೀಟರಿನ ಮುಳ್ಳು ಕೊನೆಗೆ ಹೋಗಿ ಬಡಿದುಕೊಳ್ಳುತ್ತಿತ್ತು. ಆಗ ಅವನು ಕೂಗಿದ. ಹೌದು, ಕೂಗಿದ, ಎಲ್ಲಿಂದ ಉಸಿರು ಬಂತೋ, ಮುರಿದ ಪಕ್ಕೆಯಿಂದಲೇ ಬಂತು, ಕೆಳಗೆ ಎಳಿ ಅಕ್ಕ, ಸ್ವಿಚ್ಚು ಕೆಳಗೆ ಎಳಿ. ಅಕ್ಕ ಅಲ್ಲಿ ನಿಂತಿದ್ದಾಳೆ, ತುಟಿಯಿಂದ ರಕ್ತ ಗಲ್ಲಕ್ಕೆ ಇಳಿಯುತ್ತಿದೆ, ಕಪ್ಪು ಹಿಡಿ, ಅದರ ಮೇಲೆ ಅವಳ ಬೆರಳು, ಆ ಕೊಕ್ಕೆಬೆರಳು, ಅವಳು ಗಂಡನನ್ನು ನೋಡುತ್ತಿದ್ದಾಳೆ, ಒಲೆಯ ಮೇಲಿಟ್ಟ ಹಾಲು ನೋಡುವ ಹಾಗೆ. ಕೇಳಿಸಿಲ್ಲ ಅವಳಿಗೆ, ಹೊಡೆತಕ್ಕೆ ಕಿವಿ ಮುಚ್ಚಿದೆ, ಅಕ್ಕಾ ಎಳಿ, ಮತ್ತೆ ಕೂಗಿದ. ಬೆರಳಿಗೆ ಆಗುತ್ತಿಲ್ಲ, ಬಾಗಿದ ಬೆರಳು, ಎಳೆಯಲು ಆಗುತ್ತಿಲ್ಲ, ಪಾಪ — ಅದೇ ಬೆರಳಿನಲ್ಲಿ ಹದಿನಾಲ್ಕು ಸುತ್ತು ಸುತ್ತಿದ್ದಳು. ಅವನು ತೆವಳಿದ, ಮೊಣಕೈ ಮೇಲೆ, ಮೂರು ಮಾರು, ಮೂರು ವರ್ಷ, ಗೋಡೆ ಹಿಡಿದು ಎದ್ದ, ಅವಳ ಕೈಯ ಮೇಲೆ ತನ್ನ ಕೈ ಹಾಕಿ ಒಟ್ಟಿಗೆ ಕೆಳಗೆ ಎಳೆದ, ಹಿಡಿ ಬರಲಿಲ್ಲ, ಪೂರ್ತಿ ಮೈಭಾರ ಹಾಕಿದ, ಬಂತು. ಭಾವ ಹಲಗೆಯ ಹಾಗೆ ಬಿದ್ದ. ಎದೆ ಬಡಿಯುತ್ತಿರಲಿಲ್ಲ. ಅವನು ಮೇಲೆ ಕೂತು ಒತ್ತಿದ, ಲಿಫ್ಟಿನವರಿಗೆ ಕಲಿಸುತ್ತಾರೆ, ಎರಡೂ ಅಂಗೈ ಇಟ್ಟು, ಎಣಿಸುತ್ತಾ, ತನ್ನ ಪಕ್ಕೆಲುಬು ಪ್ರತಿ ಒತ್ತಿಗೂ ಚುಚ್ಚುತ್ತಿದೆ, ಭಾವನ ಒಂದು ಪಕ್ಕೆಲುಬು ಕೈಯಡಿ ಲಟಕ್ಕೆಂದಿತು, ಇಷ್ಟು ವರ್ಷ ಲಿಫ್ಟಿನ ಗುಂಡಿಯಲ್ಲಿ ಮನಸ್ಸಿನಲ್ಲೇ ಮುರಿದ ಮೂಳೆಗಳಲ್ಲಿ ನಿಜವಾಗಿ ಮುರಿದದ್ದು ಇದೊಂದೇ, ಬದುಕಿಸಲು ಹೋಗಿ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಬೆನ್ನ ಹಿಂದಿನಿಂದ ಅಕ್ಕನ ದನಿ, ಶಾಂತವಾಗಿ, ಸಾಕು ಬಿಡೋ, ನಿನಗೆ ನೋಯುತ್ತೆ. ಅವನು ಬಿಡಲಿಲ್ಲ. ಯಾಕೆ ಬಿಡಲಿಲ್ಲ, ಭಾವನ ಮೇಲಿನ ಪ್ರೀತಿಗಲ್ಲ, ಇವನು ಸತ್ತರೆ ಆ ಹಿಡಿಯ ಮೇಲಿನ ಕೈ ಕೊಲೆ ಮಾಡಿದ ಕೈ ಆಗುತ್ತೆ, ಅದಕ್ಕೆ ಒತ್ತಿದ, ಆಂಬುಲೆನ್ಸಿನವರು ಬಂದು ಹೆಗಲು ಹಿಡಿದು ಎಳೆಯುವ ತನಕ ಒತ್ತಿದ.

ಬಾಗಿಲು ತೆರೆದಿದೆ, ಡಾಕ್ಟರು, ಕನ್ನಡಕ ಹಣೆಯ ಮೇಲೆ, ರೋಗಿಯ ಹೆಂಡತಿ ಯಾರು. ಅಕ್ಕ ಎದ್ದು ನಿಂತಳು. ಹೃದಯ ತಡೆದುಕೊಂಡಿದೆ, ಜೀವಕ್ಕೆ ಅಪಾಯ ಇಲ್ಲ ಅನ್ನಿಸುತ್ತೆ, ಎಡಗೈ ಉಳಿಯುತ್ತೆ, ಬಲಗೈ ಒಳಗೇ ಬೆಂದುಹೋಗಿದೆ, ಮಣಿಕಟ್ಟಿನ ತನಕ ತೆಗೀಬೇಕು, ಇಲ್ಲಿ ಒಂದು ಸಹಿ. ಅಕ್ಕ ಕಾಗದ ತೆಗೆದುಕೊಂಡು, ಪೂರ್ತಿ ಓದಿ, ಎಲ್ಲಿ ಎಂದು ಕೇಳಿ, ಸಹಿ ಹಾಕಿದಳು, ಪೆನ್ನು ನಡುಗಲಿಲ್ಲ, ನಡುಗಬೇಕಿತ್ತು, ಪೇದೆ ನೋಡುತ್ತಿದ್ದಾನೆ, ಸ್ವಲ್ಪವಾದರೂ ಅಳಬೇಕಿತ್ತು. ಅಮ್ಮಾ, ನಿಮ್ಮ ಹೇಳಿಕೆಯೂ ಬೇಕು, ಆ ರೂಮಿಗೆ ಬನ್ನಿ, ಅಂದ ಪೇದೆ, ಎರಡು ನಿಮಿಷ ಅಷ್ಟೆ, ನಿಮ್ಮ ತಮ್ಮ ಎಲ್ಲ ಹೇಳಿದ್ದಾರೆ. ಎಲ್ಲ ಹೇಳಿದ್ದಾನೆ, ಅವಳು ಹ್ಞೂಂ ಅಂದರೆ ಸಾಕು, ಏನೂ ಗೊತ್ತಾಗಲಿಲ್ಲ ಸಾರ್, ಅಂದರೆ ಸಾಕು, ಅಷ್ಟೇ ಅನ್ನಕ್ಕ, ಕಣ್ಣಲ್ಲೇ ಬೇಡಿಕೊಂಡ. ಅವಳು ಅವನ ಮುಂದೆ ನಿಂತಳು, ಅಂಗಿಯ ತೋಳಿನ ಮಸಿಯನ್ನು ಬೆರಳಿಂದ ಒರೆಸಿದಳು, ಅದು ಹೋಗಲಿಲ್ಲ.

ನೀನು ಕೂಗಿದ್ದು ನನಗೆ ಕೇಳಿಸ್ತು ಕಣೋ, ಅಂದಳು, ಎರಡು ಸಲವೂ ಕೇಳಿಸ್ತು. ನನ್ನ ಪಾಲಿಂದು ನೀನು ಹೊರಬೇಡ.

ಹೋದಳು. ಗಾಜಿನ ಬಾಗಿಲು ಮುಚ್ಚಿಕೊಂಡಿತು, ಅವಳ ಮಾತು ಕೇಳಿಸುತ್ತಿಲ್ಲ, ಚೋಕಿನ ಗುಂಯ್ ಒಂದೇ, ಎದ್ದು ಹೋಗಿ ತಡೆಯಬೇಕು, ಕಾಲು ಏಳುತ್ತಿಲ್ಲ, ಪಕ್ಕೆ ನೋವು, ಅಲ್ಲ, ಪಕ್ಕೆ ನೋವಲ್ಲ, ಆ ಹಿಡಿ ಯಾಕೆ ಬರಲಿಲ್ಲ, ಎಣ್ಣೆ ಹಾಕಿದ ಹಿಡಿ, ಮಗುವೂ ಎಳೆಯಬಹುದಾದ ಹಿಡಿ, ಪೂರ್ತಿ ಮೈಭಾರ ಯಾಕೆ ಬೇಕಾಯಿತು, ಅವನ ಅಂಗೈಗೆ ಗೊತ್ತು, ಆಗಲೇ ಗೊತ್ತಿತ್ತು, ಮಧ್ಯಾಹ್ನದಿಂದ ಗೊತ್ತಿದ್ದೂ ಬೆರಳು ಹಿಡಿಯ ಮೇಲೆ, ಮೇಲೆ, ಎಂದುಕೊಂಡೇ ಇದ್ದಾನೆ, ಪೇದೆ ಏನೋ ಕೇಳಿದ, ಅಕ್ಕ ಬಲಗೈ ಎತ್ತಿದಳು, ಗಾಳಿಯಲ್ಲಿ ಇಲ್ಲದ ಒಂದು ಹಿಡಿಯನ್ನು ತೋರಿಸಿದಳು, ತೋರುಬೆರಳನ್ನು ಅದಕ್ಕೆ ಒಡ್ಡಿದಳು, ಪೇದೆಯ ಪೆನ್ನು ನಿಂತಿತು, ಅವಳು ಮತ್ತೊಮ್ಮೆ ತೋರಿಸುತ್ತಿದ್ದಾಳೆ, ಸರಿಯಾಗಿ ನೋಡಿಕೊಳ್ಳಲಿ ಎಂದು, ಮೆಲ್ಲಗೆ, ಹಿಡಿಯ ಮೇಲಲ್ಲ, ಕೆಳಗೆ, ಆ ಕೊಕ್ಕೆಬೆರಳು, ಕೆಳಗಿನಿಂದ, ಮೇಲಕ್ಕೆತ್ತಿ ಹಿಡಿದಿರುವ ಬೆರಳು, ಹಿಡಿಯ ಕೆಳಗೆ ಬೆರಳು, ಬೆರಳು